ಪುರರಚನೆಯಲ್ಲಿ ಪುರಜನರು

(ಶ್ರೀಮಠದ ಮಹೋತ್ಸವದ ಸದ್ಭಕ್ತಸಭೆಯಲ್ಲಿ ನಡೆದ ಉಪನ್ಯಾಸದ ಪಾಠ)



ಮನೆಯನ್ನು ಕಟ್ಟಿಸುವ ಗೃಹಸ್ಥನು ಗೌಂಡಿಯನ್ನೂ ಬಡಿಗನನ್ನೂ ಕರೆಯಿಸುವುದಕ್ಕೆ ಮೊದಲು ಮನೆಯೊಡತಿಯನ್ನು ಕೇಳುತ್ತಾನೆ. ಒಲೆ ಯಾವ ಮೂಲೆಗೆ, ಬಚ್ಚಲ ನೀರು ಯಾವ ಕಡೆಗೆ, ಕೊಟ್ಟಿಗೆಯ ಬಾಗಿಲು ಯಾವ ದಿಕ್ಕಿಗೆ ಎಂಬುದನ್ನು ನಿಶ್ಚಯಿಸತಕ್ಕವಳು ಆಕೆ. ಕೇಳದೆ ಕಟ್ಟಿದ ಮನೆಯಲ್ಲಿ ಒಲೆಯ ಹೊಗೆಯು ಪಡಸಾಲೆಗೆ ನುಗ್ಗುವುದು. ಮಳೆಗಾಲ ಬಂದಾಗ ಅಂಗಳದ ನೀರು ನಡುಮನೆಗೆ ಬರುವುದು. ಆಗ ಗೌಂಡಿಯನ್ನು ಬೈದು ಫಲವಿಲ್ಲ. ಅವನು ತನಗೆ ತಿಳಿದಂತೆ ಕಟ್ಟಿ ಕೂಲಿಯನ್ನು ಪಡೆದು ಹೋಗಿರುತ್ತಾನೆ. ಒಂದು ಮನೆಗೆ ಎಲ್ಲರೂ ಒಪ್ಪುವ ಈ ನ್ಯಾಯವು ಸಾವಿರಾರು ಮನೆಗಳು ಕೂಡಿದ ಪಟ್ಟಣಕ್ಕೆ ಮಾತ್ರ ಸಲ್ಲದೆ ಹೋಗಿರುವುದು ವಿಚಾರಾರ್ಹವಾದ ಸಂಗತಿ.

ದೊಡ್ಡ ನಗರಗಳ ಮಾತು ಬೇರೆ. ಅವುಗಳ ಹಿತಾಹಿತಗಳನ್ನು ಕುರಿತು ಬರೆಯಲು ಪತ್ರಿಕೆಗಳಿವೆ, ವಾದಿಸಲು ವಕೀಲರಿದ್ದಾರೆ, ಪರೀಕ್ಷಿಸಲು ಪಂಡಿತರಿದ್ದಾರೆ. ೨೦೧೧ರ ಜನಗಣತಿಯಲ್ಲಿ ಕರ್ನಾಟಕದ ಜನರಲ್ಲಿ ನೂರಕ್ಕೆ ೩೮ಕ್ಕಿಂತ ಹೆಚ್ಚು ಮಂದಿ ಪಟ್ಟಣವಾಸಿಗಳೆಂದು ಎಣಿಕೆಯಾದರು. ಅವರೆಲ್ಲರೂ ಬೆಂಗಳೂರಿನವರಲ್ಲ. ಸಂತೆಯ ಊರು, ತಾಲೂಕು ಕಚೇರಿಯ ಊರು, ನೇಕಾರರ ಊರು, ತೇರಿನ ಊರು ಎಂದು ಹೆಸರಾದ ಸಣ್ಣ ಪಟ್ಟಣಗಳಲ್ಲಿ ಬಾಳುವವರು ಬಹುಮಂದಿ. ೧೯೬೪ರ ಪುರಸಭೆಗಳ ಕಾನೂನಿನ ಲೆಕ್ಕದಲ್ಲಿ ಹತ್ತು ಸಾವಿರದಿಂದ ಇಪ್ಪತ್ತು ಸಾವಿರದವರೆಗೆ ಜನರಿರುವ ಊರು ಪಟ್ಟಣ ಪಂಚಾಯಿತಿ. ಅಲ್ಲಿಂದ ಐವತ್ತು ಸಾವಿರದವರೆಗೆ ಪುರಸಭೆ. ಅದಕ್ಕೂ ಮೇಲೆ ಮೂರು ಲಕ್ಷದವರೆಗೆ ನಗರಸಭೆ. ಇಂದಿನ ವಿಷಯವು ಈ ಊರುಗಳದು.

ಈ ಊರುಗಳ ಸ್ಥಿತಿಯಲ್ಲಿ ಒಂದು ವೈಚಿತ್ರ್ಯವುಂಟು. ೧೯೯೩ರಲ್ಲಿ ಭಾರತದ ಸಂವಿಧಾನಕ್ಕೆ ೭೩ನೆಯ ಮತ್ತು ೭೪ನೆಯ ತಿದ್ದುಪಡಿಗಳು ಜಾರಿಗೆ ಬಂದುವು. ಮೊದಲನೆಯದರಿಂದ ಹಳ್ಳಿಗೆ ಗ್ರಾಮಸಭೆಯು ದೊರೆಯಿತು. ಮತದಾರನಾದ ಪ್ರತಿಯೊಬ್ಬನೂ ಅದರ ಸದಸ್ಯ. ಎರಡನೆಯದರಿಂದ ನಗರಗಳಿಗೆ ವಾರ್ಡು ಸಮಿತಿಗಳು ಬಂದುವು. ಆದರೆ ಅವು ಕಡ್ಡಾಯವಾದುದು ಮೂರು ಲಕ್ಷ ಮತ್ತು ಅದಕ್ಕೆ ಮೀರಿದ ಜನರಿರುವ ಕಡೆಗೆ ಮಾತ್ರ. ಉಳಿದ ಊರುಗಳ ವಿಷಯವನ್ನು ರಾಜ್ಯಗಳ ಇಷ್ಟಕ್ಕೆ ಬಿಡಲಾಯಿತು. ಹೀಗಾಗಿ ಹಳ್ಳಿಯವನಿಗೆ ಕೂಡುವ ಹಕ್ಕುಂಟು, ಮಹಾನಗರದವನಿಗೂ ಉಂಟು, ನಡುವಣ ಪಟ್ಟಣದವನಿಗೆ ಸಂವಿಧಾನವು ತಾನಾಗಿ ಕೊಟ್ಟ ಸಭೆಯಿಲ್ಲ. ದೊಡ್ಡ ಹಳ್ಳಿಯೊಂದು ಬೆಳೆದು ಪಟ್ಟಣ ಪಂಚಾಯಿತಿಯಾದ ದಿನ ಊರವರು ಪಟಾಕಿ ಹಾರಿಸಿ ಸಕ್ಕರೆ ಹಂಚುತ್ತಾರೆ. ಅದೇ ದಿನ ತಮ್ಮ ಗ್ರಾಮಸಭೆಯು ಕೈಬಿಟ್ಟುಹೋಯಿತೆಂಬುದು ಅವರ ಲಕ್ಷ್ಯಕ್ಕೆ ಬರುವುದಿಲ್ಲ. ಆಯ್ಕೆಯಾದ ಸದಸ್ಯರಿದ್ದಾರಲ್ಲವೇ ಎಂದು ಕೇಳಬಹುದು. ಇದ್ದಾರೆ. ಐದು ವರ್ಷಕ್ಕೊಮ್ಮೆ ಒಬ್ಬನನ್ನು ಆರಿಸುವುದೂ ಇಪ್ಪತ್ತು ವರ್ಷಗಳ ಮುಂದಿನ ಊರನ್ನು ಕುರಿತು ಕೂಡಿ ಆಲೋಚಿಸುವುದೂ ಒಂದೇ ಅಲ್ಲ.

ಊರಿನ ಮುಂದಿನ ರೂಪವನ್ನು ನಿರ್ಣಯಿಸತಕ್ಕದ್ದು ಮಹಾಯೋಜನೆ ಎಂಬ ನಕ್ಷೆ. ೧೯೬೧ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾನೂನಿನ ಪ್ರಕಾರ ಯೋಜನಾ ಪ್ರಾಧಿಕಾರವು ಇದನ್ನು ಬರೆಯಿಸುತ್ತದೆ; ಹತ್ತು ವರ್ಷಕ್ಕೊಮ್ಮೆಯಾದರೂ ಇದನ್ನು ತಿದ್ದಬೇಕು. ವಾಸದ ಮನೆಗಳಿಗೆ ಹಳದಿ, ವ್ಯಾಪಾರಕ್ಕೆ ನೀಲಿ, ಕಾರ್ಖಾನೆಗೆ ನೇರಳೆ, ಕಚೇರಿ ಶಾಲೆಗಳಿಗೆ ಕೆಂಪು, ತೋಟ ಬಯಲುಗಳಿಗೆ ಹಸುರು ಎಂದು ಬಣ್ಣಗಳ ಸಂಕೇತವುಂಟು. ನೋಡುವುದಕ್ಕೆ ಮಕ್ಕಳ ಚಿತ್ರದಂತಿದ್ದರೂ ಇದರ ಶಕ್ತಿಯು ಅಲ್ಪವಲ್ಲ. ನಿನ್ನೆಯವರೆಗೆ ಜೋಳ ಬೆಳೆಯುತ್ತಿದ್ದ ಹೊಲಕ್ಕೆ ಹಳದಿ ಬಣ್ಣ ಬಿದ್ದರೆ ಅದರ ಬೆಲೆಯು ಒಂದೇ ರಾತ್ರಿಯಲ್ಲಿ ಏರುವುದು. ಮನೆಯ ನಡುವೆ ರಸ್ತೆಯ ಗೆರೆ ಹಾಯ್ದರೆ ಆ ಮನೆಗೆ ಮಾಳಿಗೆ ಎತ್ತಲು ಅಪ್ಪಣೆ ಸಿಕ್ಕದು. ನಕ್ಷೆಯು ಸ್ಥಿರವಾಗುವ ಮೊದಲು ಅದನ್ನು ಪ್ರಕಟಿಸಿ ಜನರ ಆಕ್ಷೇಪ ಸಲಹೆಗಳನ್ನು ಬರೆಹದಲ್ಲಿ ಕರೆಯಬೇಕೆಂದು ಕಾನೂನೇ ವಿಧಿಸಿದೆ. ವಿಧಿಯು ಒಳ್ಳೆಯದು. ನಡೆಯುವುದೇನು? ಕಚೇರಿಯ ಗೋಡೆಗೆ ನಕ್ಷೆಯನ್ನು ತೂಗಹಾಕುತ್ತಾರೆ, ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದ ಪ್ರಕಟಣೆ ಬರುತ್ತದೆ, ಅವಧಿಯು ಮುಗಿಯುತ್ತದೆ. ಸರ್ವೆ ನಂಬರುಗಳನ್ನು ಓದಬಲ್ಲವರು, ಭೂಮಿಯ ಕ್ರಯವಿಕ್ರಯವನ್ನೇ ವೃತ್ತಿಯಾಗಿ ಮಾಡಿಕೊಂಡವರು, ಮೊದಲ ದಿನವೇ ಹೋಗಿ ನೋಡಿ ಬರುತ್ತಾರೆ. ನೇಕಾರನಿಗೂ ಕಾಯಿಪಲ್ಯದ ಬುಟ್ಟಿಯವಳಿಗೂ ಸಂಗತಿಯು ತಿಳಿಯುವುದು ಜೆ.ಸಿ.ಬಿ. ಯಂತ್ರವು ಬಾಗಿಲಿಗೆ ಬಂದು ನಿಂತಾಗ. ಜನರನ್ನು ಕೇಳಿದೆವು ಎಂಬ ಕಾಗದವಂತೂ ಕಡತದಲ್ಲಿ ಭದ್ರವಾಗಿರುತ್ತದೆ.

ಈ ವಿಷಯದಲ್ಲಿ ನೂರು ವರ್ಷಗಳ ಹಿಂದೆ ಭರತಖಂಡದಲ್ಲಿ ಸಂಚರಿಸಿದ ಒಬ್ಬ ಮಹನೀಯನ ನೆನಪು ಉಚಿತವಾಗಿದೆ. ಪ್ಯಾಟ್ರಿಕ್ ಗೆಡ್ಡಿಸ್ ಎಂಬವನು ಸ್ಕಾಟ್ಲೆಂಡಿನಲ್ಲಿ ೧೮೫೪ರಲ್ಲಿ ಹುಟ್ಟಿದವನು. ಮೂಲತಃ ಸಸ್ಯಶಾಸ್ತ್ರದ ಪಂಡಿತನು. ಗಿಡಮರಗಳು ಬೆಳೆಯುವ ಕ್ರಮವನ್ನು ನೋಡಿದ ಕಣ್ಣಿನಿಂದಲೇ ಊರುಗಳು ಬೆಳೆಯುವ ಕ್ರಮವನ್ನೂ ನೋಡಿದನು. ಮದ್ರಾಸಿನ ಗವರ್ನರ್ ಲಾರ್ಡ್ ಪೆಂಟ್ಲೆಂಡನ ಆಹ್ವಾನದ ಮೇಲೆ ೧೯೧೪ರಲ್ಲಿ ಇಲ್ಲಿಗೆ ಬಂದನು. ಬರುವಾಗಲೇ ದೊಡ್ಡ ವಿಪತ್ತೊದಗಿತು. ಅವನು ಜೀವಮಾನವೆಲ್ಲ ಕೂಡಿಸಿದ್ದ ನಕ್ಷೆ ಚಿತ್ರಗಳ ಪ್ರದರ್ಶನ ಸಾಮಗ್ರಿಯನ್ನು ಹೊತ್ತ ಹಡಗನ್ನು ಎಮ್ಡನ್ ಎಂಬ ಜರ್ಮನ ಯುದ್ಧನೌಕೆಯು ಮುಳುಗಿಸಿಬಿಟ್ಟಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮದ್ರಾಸಿನ ಮೇಲೆ ಗುಂಡು ಹಾರಿಸಿ ಹೋದ ನೌಕೆಯೂ ಅದೇ. ಗೆಡ್ಡಿಸನು ಎದೆಗೆಡಲಿಲ್ಲ, ಮಿತ್ರರ ನೆರವಿನಿಂದ ಹೊಸ ಸಾಮಗ್ರಿಯನ್ನು ಕೂಡಿಸಿ ೧೯೧೫ರಲ್ಲಿ ಮದ್ರಾಸಿನಲ್ಲಿ ಪ್ರದರ್ಶನವನ್ನು ನಡೆಯಿಸಿಯೇ ತೀರಿದನು. ತರುವಾಯ ಊರೂರು ತಿರುಗಿ ವರದಿಗಳನ್ನು ಬರೆದನು. ಆಗ ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿಯೂ ಅವನು ನೋಡಿ ಬರೆದ ಊರುಗಳಲ್ಲೊಂದು.

ಅದು ಮಾರಿಬೇನೆಯ ಕಾಲ. ೧೮೯೮ರಲ್ಲಿ ಬೆಂಗಳೂರನ್ನು ಹೊಕ್ಕ ಪ್ಲೇಗಿನ ಭಯದಿಂದಲೇ ಮಲ್ಲೇಶ್ವರ ಬಸವನಗುಡಿಗಳು ಬೆಳೆದುವು. ಹಳೆಯ ಊರೆಲ್ಲ ರೋಗದ ಗೂಡು, ಅದನ್ನು ಸೀಳಿ ಅಗಲವಾದ ನೇರ ರಸ್ತೆ ಹಾಕಿದರೆ ಗಾಳಿ ಬೆಳಕು ಬರುತ್ತದೆ ಎಂಬುದು ಅಂದಿನ ಎಂಜಿನಿಯರುಗಳ ಸಿದ್ಧಾಂತ. ಗೆಡ್ಡಿಸನು ಇದನ್ನು ಒಪ್ಪಲಿಲ್ಲ. ರೋಗಿಯ ನಾಡಿಯನ್ನು ಹಿಡಿಯದೆ ಶಸ್ತ್ರವನ್ನು ಹಿಡಿಯುವ ವೈದ್ಯನುಂಟೇ ಎಂಬುದು ಅವನ ಪ್ರಶ್ನೆ. ಅವನು ಓಣಿಓಣಿಯನ್ನು ಕಾಲ್ನಡಿಗೆಯಿಂದ ತಿರುಗಿ, ಯಾವ ಮನೆ ಬಿದ್ದಿದೆ, ಯಾವುದು ಗಟ್ಟಿ, ಯಾವ ಬಾವಿಯ ನೀರು ಸಿಹಿ, ಯಾವ ಮರದ ಕೆಳಗೆ ಜನ ಕೂಡುತ್ತಾರೆ ಎಂಬುದನ್ನು ಗುರುತಿಸಿಕೊಳ್ಳುವನು. ತಂಜಾವೂರಿನ ಕೋಟೆಯೊಳಗಿನ ಕೇರಿಗೆ ಎಂಜಿನಿಯರು ಹೂಡಿದ್ದ ನೇರ ರಸ್ತೆಯ ಯೋಜನೆಗೆ ಬದಲಾಗಿ, ಬಿದ್ದ ಮನೆಗಳ ಜಾಗವನ್ನಷ್ಟೇ ತೆರವು ಮಾಡಿ ಬಯಲುಮಾಡಿ, ಗಟ್ಟಿಯಾದ ಮನೆಗಳನ್ನು ಉಳಿಸಿಕೊಂಡರೆ ಖರ್ಚು ಆರರಲ್ಲೊಂದು ಪಾಲಿಗೆ ಇಳಿಯುವುದೆಂದು ಲೆಕ್ಕ ತೋರಿಸಿದನು. ದಕ್ಷಿಣದೇಶದ ತೇರಿನ ಬೀದಿಗಳನ್ನು ಕಂಡು ಅವನು ಬಹಳ ಮೆಚ್ಚಿದನು. ಮೆಚ್ಚತಕ್ಕದ್ದೇ ಸರಿ. ತೇರು ಹೊರಳುವ ಮೂಲೆಯಲ್ಲಿ ಒಂದು ಗೇಣು ಕಟ್ಟೆ ಮುಂದೆ ಬಂದರೂ ಊರೆಲ್ಲ ಕೇಳುತ್ತದೆ. ಆ ಬೀದಿಯ ಅಗಲವನ್ನು ಕಾಯಲು ಯಾವ ಇನ್‌ಸ್ಪೆಕ್ಟರನೂ ಬೇಕಿಲ್ಲ. ಊರವರು ತಮ್ಮದೆಂದು ತಿಳಿದ ನಿಯಮಕ್ಕೆ ಇರುವ ಬಲವು ಅಂಥದು.

ಅವನ ಕಾರ್ಯಗಳಲ್ಲಿ ಇಂದೂರಿನ ದೀಪಾವಳಿಯ ಕಥೆಯು ವಿಶೇಷವಾಗಿ ಕೇಳತಕ್ಕದ್ದು. ೧೯೧೭ರ ಸುಮಾರಿಗೆ ಹೋಳ್ಕರ ಮಹಾರಾಜರ ಆ ರಾಜಧಾನಿಯಲ್ಲಿ ಪ್ಲೇಗು ಹಬ್ಬಿತ್ತು. ಓಣಿಗಳಲ್ಲಿ ನಕ್ಷೆ ಹಿಡಿದು ತಿರುಗುವ ದೊರೆಯನ್ನು ಕಂಡರೆ ಜನರಿಗೆ ಹೆದರಿಕೆ. ಇವನೇ ಮನೆ ಕೆಡವಿಸುವವನು ಎಂದು ಬೈಯುತ್ತಿದ್ದರು. ಗೆಡ್ಡಿಸನು ಮಹಾರಾಜರಿಂದ ಅಪ್ಪಣೆಯನ್ನು ಪಡೆದು ಸಾರಿಸಿದನು: ಬರುವ ದೀಪಾವಳಿಗೆ ಹೊಸ ಬಗೆಯ ಮೆರವಣಿಗೆ ಹೊರಡುವುದು, ಅದು ಹಿಂದೂಗಳ ರೂಢಿಯ ದಾರಿಯಲ್ಲಿಯೂ ಹೋಗದು, ಮುಸಲ್ಮಾನರ ರೂಢಿಯ ದಾರಿಯಲ್ಲಿಯೂ ಹೋಗದು, ಯಾವ ಬೀದಿಯವರು ತಮ್ಮ ಮನೆಮಠಗಳನ್ನು ಹೆಚ್ಚಾಗಿ ಶುಚಿಮಾಡಿ ದುರಸ್ತಿಮಾಡಿಕೊಂಡಿರುವರೋ ಆ ಬೀದಿಯಲ್ಲಿ ಹೋಗುವುದು. ಕಸವನ್ನು ಪುಕ್ಕಟೆಯಾಗಿ ಸಾಗಿಸುವ ಏರ್ಪಾಡೂ ಆಯಿತು. ಮುಂದಿನದನ್ನು ಊಹಿಸಬಹುದು. ಗೋಡೆಗಳಿಗೆ ಸುಣ್ಣ ಬಿತ್ತು, ಹಿತ್ತಿಲುಗಳು ಬಯಲಾದುವು, ಸಾವಿರಾರು ಗಾಡಿ ಕಸ ಊರಾಚೆ ಹೋಯಿತು. ಮೆರವಣಿಗೆಯಲ್ಲಿ ಆನೆ ಕುದುರೆಗಳು, ಸುಗ್ಗಿಯ ಗಾಡಿಗಳು ನಡೆದುವು. ಅವುಗಳ ಹಿಂದೆ ಕೊಳೆಯ ರಾಕ್ಷಸನ ದೊಡ್ಡ ಬೊಂಬೆ, ಪ್ಲೇಗಿನ ಇಲಿಯ ಬೊಂಬೆ. ಅದಕ್ಕೂ ಹಿಂದೆ ಊರಿನ ಝಾಡಮಾಲಿಗಳೆಲ್ಲ ಹೊಸ ಬಿಳಿಯ ಉಡುಪನ್ನು ತೊಟ್ಟು ಪೊರಕೆಗಳಿಗೆ ಹೂ ಮುಡಿಸಿಕೊಂಡು ನಡೆದರು. ಕೊನೆಗೆ ರಾಕ್ಷಸನನ್ನೂ ಇಲಿಯನ್ನೂ ಬಯಲಿನಲ್ಲಿ ಸುಟ್ಟರು. ಬೈಯುತ್ತಿದ್ದ ಜನರೇ ಗೆಡ್ಡಿಸನನ್ನು ಕರೆದು ತಮ್ಮ ಓಣಿಯನ್ನು ತೋರಿಸತೊಡಗಿದರು ಎಂದು ಅವನ ಬಾಯಿಂದ ಕೇಳಿದವರು ಬರೆದಿಟ್ಟಿದ್ದಾರೆ. ಝಾಡಮಾಲಿಗೆ ಮೆರವಣಿಗೆಯಲ್ಲಿ ಸ್ಥಾನ ಕೊಟ್ಟ ಮಾತು ಈ ಸಭೆಗೆ ಹೊಸತೆನಿಸಲಾರದು. ಮಡಿವಾಳ ಮಾಚಯ್ಯನೂ ಅಂಬಿಗರ ಚೌಡಯ್ಯನೂ ನುಲಿಯ ಚಂದಯ್ಯನೂ ತಮ್ಮ ತಮ್ಮ ಕಾಯಕದ ಹೆಸರಿನಿಂದಲೇ ಪೂಜ್ಯರಾದ ಪರಂಪರೆಯಲ್ಲಿ ಕುಳಿತವರಿಗೆ, ಊರ ಗಟಾರದ ಗುಟ್ಟು ಯಾರಿಗೆ ತಿಳಿದಿದೆಯೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಂದೂರಿನಲ್ಲಿ ಅರಸನ ಅಪ್ಪಣೆಯಿತ್ತು, ಹಬ್ಬದ ಉತ್ಸಾಹವಿತ್ತು. ಊರು ಇದ್ದಲ್ಲಿಯೇ ಇತ್ತು. ಊರನ್ನೇ ಎತ್ತಿ ಬೇರೆ ಕಡೆಗೆ ಇಡಬೇಕಾಗಿ ಬಂದಾಗ ಏನು? ಈ ಪ್ರಶ್ನೆಗೆ ದೂರ ಹೋಗಬೇಕಾಗಿಲ್ಲ. ಬಾಗಲಕೋಟೆಯಿದೆ.

ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಲು ೧೯೬೪ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟರು. ಬಿಜಾಪುರ ಸೀಮೆಯ ಬರಗಾಲವನ್ನು ಬಲ್ಲವರಿಗೆ ಆ ನೀರಿನ ಬೆಲೆಯು ಗೊತ್ತು. ಅದನ್ನು ಅಲ್ಲಗಳೆಯುವವರು ಈ ಸಭೆಯಲ್ಲಿ ಯಾರೂ ಇರಲಾರರು. ಆದರೆ ಹಿನ್ನೀರು ಘಟಪ್ರಭೆಯ ದಡದ ಬಾಗಲಕೋಟೆಯನ್ನು ಮುಟ್ಟುವುದೆಂದು ಗೊತ್ತಾದಾಗ ಸಾವಿರಾರು ಸಂಸಾರಗಳು ಏಳಬೇಕಾಯಿತು. ಪಟ್ಟಣಕ್ಕಾಗಿಯೇ ೧೯೮೩ರಲ್ಲಿ ಅಭಿವೃದ್ಧಿ ಪ್ರಾಧಿಕಾರದ ಕಾನೂನಾಯಿತು. ಹೊಸ ಊರಿನ ನಕ್ಷೆಯನ್ನು ಬರೆದವನು ಚಾರ್ಲ್ಸ್ ಕೊರಿಯಾ, ವಾಸ್ತುಶಿಲ್ಪದಲ್ಲಿ ಜಗದ್ವಿಖ್ಯಾತನು. ಕೆಲಸಕ್ಕೆ ತಕ್ಕವನನ್ನು ಹುಡುಕಲಿಲ್ಲವೆಂಬ ದೂರಿಗೆ ಆಸ್ಪದವಿಲ್ಲ. ನವನಗರವು ಎದ್ದಿತು, ಅಗಲವಾದ ರಸ್ತೆಗಳು, ಅಂಕೆ ಹಾಕಿದ ಸೆಕ್ಟರುಗಳು. ೧೯೯೭ರಲ್ಲಿ ಬಾಗಲಕೋಟೆಯು ಜಿಲ್ಲೆಯಾದ ಮೇಲೆ ಕಚೇರಿಗಳೂ ಅಲ್ಲಿಗೆ ಬಂದುವು. ಸರ್ವೋಚ್ಚ ನ್ಯಾಯಾಲಯವು ೨೦೦೦ದಲ್ಲಿ ೫೧೯.೬೦ ಮೀಟರಿನ ಎತ್ತರಕ್ಕೆ ನೀರು ನಿಲ್ಲಿಸಲು ಅನುಮತಿಯನ್ನು ಕೊಟ್ಟಿತು.

ಹಳೆಯ ಊರು ಕಿಲ್ಲಾ, ಹಳೇಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂಬ ಹೆಸರುಗಳಿಂದ ಆದುದು. ಅಲ್ಲಿಯ ಹೋಳಿಹುಣ್ಣಿವೆಯು ನಾಡಿಗೆಲ್ಲ ಹೆಸರಾದುದು. ಹಲಗೆಯ ಮೇಳಗಳೂ ಬಣ್ಣದ ಬಂಡಿಗಳೂ ಪೇಟೆ ಪೇಟೆಯ ಸರದಿಯಂತೆ ಹೊರಡುವುವು. ಪೇಟೆಯೆಂದರೆ ಅಲ್ಲಿ ಬರಿಯ ಓಣಿಯಲ್ಲ. ಸಾಲ ಕೊಡುವವನು, ಸತ್ತರೆ ಹೆಗಲು ಕೊಡುವವನು, ಹೆಣ್ಣು ಕೇಳಲು ಬಂದವರಿಗೆ ಸಾಕ್ಷಿ ಹೇಳುವವನು, ಎಲ್ಲರೂ ಕೂಗಳತೆಯಲ್ಲಿ ಇರುವ ಏರ್ಪಾಡು. ಸೆಕ್ಟರಿನ ಅಂಕೆಯಲ್ಲಿ ಇದನ್ನು ಬರೆಯುವ ಉಪಾಯವು ಯಾವ ಶಿಲ್ಪಿಗೂ ತಿಳಿಯದು. ಅದು ತಿಳಿಯುವುದು ಅಲ್ಲಿಯ ನಿವಾಸಿಗೆ. ನೀರಿನ ಮಟ್ಟದ ಗೆರೆಗೆ ಪೇಟೆಯೂ ಗೊತ್ತಿಲ್ಲ, ಬಂಧುತ್ವವೂ ಗೊತ್ತಿಲ್ಲ. ಗೆರೆಯ ಕೆಳಗಣ ಮನೆಯು ಮುಳುಗಡೆ, ಮೇಲಿನದು ಉಳಿದುದು. ಅಣ್ಣನು ನವನಗರಕ್ಕೆ, ತಮ್ಮನು ಹಳೆಯ ಊರಿಗೆ. ವ್ಯಾಪಾರವು ಬಹುಮಟ್ಟಿಗೆ ಹಳೆಯ ಪೇಟೆಯಲ್ಲಿಯೇ ನಿಂತಿತು, ಕಚೇರಿಯು ಹೊಸ ಊರಿಗೆ ಹೋಯಿತು. ಜನರ ದಿನಚರಿಯು ಎರಡು ಊರುಗಳ ನಡುವಣ ತಿರುಗಾಟವಾಯಿತು. ಅಂಗಡಿಕಾರನಿಗೆ ಗಿರಾಕಿಯು ಕಾಲ್ನಡಿಗೆಯಲ್ಲಿ ಬರುವ ದೂರವೆಷ್ಟು ಎಂಬುದನ್ನು ಮೊದಲೇ ಅವನನ್ನು ಕೇಳಿದ್ದರೆ ಅವನು ಅಳತೆಗೋಲಿಲ್ಲದೆ ಹೇಳುತ್ತಿದ್ದನು.

ಇನ್ನೊಂದು ಸೂಕ್ಷ್ಮವುಂಟು. ಊರು ಏಳುವಾಗ ಪರಿಹಾರದ ಲೆಕ್ಕವು ಹಕ್ಕುಪತ್ರದಿಂದ ಮೊದಲಾಗುತ್ತದೆ. ಮನೆಯೊಡೆಯನ ಹತ್ತಿರ ಪತ್ರವಿದೆ. ಮೂರು ತಲೆಮಾರು ಬಾಡಿಗೆಗೆ ಇದ್ದವನ ಹತ್ತಿರ ಏನಿದೆ? ಜಗುಲಿಯ ಮೇಲೆ ಕುಳಿತು ಕೌದಿ ಹೊಲಿಯುವವಳು, ಬೀದಿಯ ತಿರುವಿನಲ್ಲಿ ಚುರುಮುರಿ ಮಾರುವವನು, ಇವರ ಬದುಕೆಲ್ಲ ಆ ಜಾಗಕ್ಕೆ ಅಂಟಿಕೊಂಡಿದ್ದರೂ ಆ ಜಾಗವು ಕಾಗದದಲ್ಲಿ ಅವರದಲ್ಲ. ಕಾಗದವನ್ನಷ್ಟೇ ಕೇಳುವ ಯೋಜನೆಗೆ ಇವರು ಕಾಣುವುದಿಲ್ಲ. ಬಾಯಿಯನ್ನು ಕೇಳುವ ಯೋಜನೆಗೆ ಮಾತ್ರ ಕಾಣುತ್ತಾರೆ.

ಜನರನ್ನು ಕೂಡಿಸಿದರೆ ಜಗಳವಾಗುತ್ತದೆ, ಕೆಲಸ ನಿಧಾನವಾಗುತ್ತದೆ, ಪ್ರತಿಯೊಬ್ಬನೂ ತನ್ನ ಬಾಗಿಲಿನ ಗಟಾರವನ್ನೇ ಹೇಳುತ್ತಾನೆ ಎಂಬ ಆಕ್ಷೇಪವಿದೆ. ಆಕ್ಷೇಪವು ಸುಳ್ಳಲ್ಲ. ಜಗಳವಾಗುತ್ತದೆ. ಆದರೆ ಮುಂಚೆ ಆಡದ ಜಗಳವು ಆಮೇಲೆ ಕೋರ್ಟಿನಲ್ಲಿ ಆಗುತ್ತದೆ, ಆಗ ಅದಕ್ಕೆ ಹತ್ತು ವರ್ಷ ಹಿಡಿಯುತ್ತದೆ. ತನ್ನ ಗಟಾರವನ್ನೇ ಹೇಳುವವನ ಮಾತಿನಲ್ಲಿಯೂ ಸಾರವಿಲ್ಲದಿಲ್ಲ. ಇಪ್ಪತ್ತು ಮಂದಿಯ ಗಟಾರಗಳನ್ನು ಒಂದು ಕಾಗದದ ಮೇಲೆ ಇಟ್ಟರೆ ಊರಿನ ನೀರು ಹರಿಯುವ ಇಳಿಜಾರು ತಾನಾಗಿ ತೋರುತ್ತದೆ. ಇದಕ್ಕಿಂತ ಕಠಿನವಾದ ಆಕ್ಷೇಪವು ಬೇರೊಂದಿದೆ. ಸಭೆಯನ್ನು ಕರೆದರೆ ಮಾತಾಡುವವರು ಯಾರು? ಶ್ರೀಮಂತರು, ಮುಖಂಡರು, ಗಟ್ಟಿ ಧ್ವನಿಯವರು. ಸಭೆಗಳಿಗೆಂದು ಮಠದ ಅಂಗಳವನ್ನು ಸದ್ಭಕ್ತರು ಸಂತೋಷದಿಂದ ತೆರೆದುಕೊಡುವರು, ಅದು ಸ್ತುತ್ಯವಾದುದೇ. ಆದರೂ ಮಠದ ಅಂಗಳಕ್ಕೆ ಬರಲು ಸಂಕೋಚಪಡುವ ಕೇರಿಗಳು ಊರಿನಲ್ಲಿವೆ ಎಂಬ ಸತ್ಯವನ್ನು ಇಲ್ಲಿ ಹೇಳದಿದ್ದರೆ ಬೇರೆಲ್ಲಿ ಹೇಳಬೇಕು? ಆದುದರಿಂದ ಸಭೆಯೇ ಕೇರಿಗೆ ಹೋಗಬೇಕು. ಹೆಂಗಸರ ಸಭೆಯು ಪ್ರತ್ಯೇಕವಾಗಿ ನೀರು ಬರುವ ಹೊತ್ತನ್ನು ಬಿಟ್ಟು ನಡೆಯಬೇಕು. ಸಂತೆಗೆ ಬರುವ ಸುತ್ತಲಿನ ಹಳ್ಳಿಗರು ಮತದಾರರಲ್ಲದಿದ್ದರೂ ಆ ಪಟ್ಟಣವನ್ನು ನಂಬಿದವರು. ಸಂತೆಯ ಮಾಳವನ್ನು ಊರಾಚೆಗೆ ದೂಡುವ ಮೊದಲು ಅವರನ್ನು ಸಂತೆಯ ದಿನವೇ ಕೇಳಬೇಕು.

ಇದು ಆಗದ ಮಾತಲ್ಲ. ಕೇರಳ ರಾಜ್ಯದಲ್ಲಿ ೧೯೯೬ರಲ್ಲಿ ಮೊದಲಾದ ಜನಯೋಜನೆಯಲ್ಲಿ ರಾಜ್ಯದ ಯೋಜನಾ ಹಣದಲ್ಲಿ ನೂರಕ್ಕೆ ೩೫ರಿಂದ ೪೦ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಮೀಸಲಿಟ್ಟರು. ಹಳ್ಳಿಯಲ್ಲಿ ಗ್ರಾಮಸಭೆಯಂತೆ ಪಟ್ಟಣದಲ್ಲಿ ವಾರ್ಡುಸಭೆ ಕೂಡಿತು. ಪ್ರತಿಯೊಂದು ಊರೂ ತನ್ನ ಚರಿತ್ರೆ, ನೀರು, ನೆಲ, ಕಸುಬು, ಕೊರತೆಗಳ ವರದಿಯನ್ನು ತಾನೇ ಬರೆಯಿತು. ಎಲ್ಲ ಕಡೆಯಲ್ಲಿಯೂ ಅದು ಸಮನಾಗಿ ಫಲಿಸಲಿಲ್ಲ. ಆದರೆ ಹಣವನ್ನು ಮೊದಲು ಇಟ್ಟು ಆಮೇಲೆ ಅಭಿಪ್ರಾಯವನ್ನು ಕೇಳಿದುದು ಅಲ್ಲಿಯ ಜಾಣತನ. ಕೈಯಲ್ಲಿ ಕಾಸಿಲ್ಲದ ಸಭೆಗೆ ಎರಡನೆಯ ಸಲ ಯಾರೂ ಬರುವುದಿಲ್ಲ.

ಕಾನೂನು ಬದಲಾಗುವವರೆಗೂ ಕಾಯಬೇಕಾಗಿಲ್ಲ. ಇದ್ದ ಕಾನೂನಿನಲ್ಲಿಯೇ ಮಾಡತಕ್ಕ ಕೆಲಸವಿದೆ. ಕರಡು ನಕ್ಷೆಯು ಪ್ರಕಟವಾದ ಕೂಡಲೆ ಊರಿನ ಓದಿದ ತರುಣರು ಅದರ ಪ್ರತಿಯನ್ನು ತಂದು, ಸರ್ವೆ ನಂಬರಿನ ಪಕ್ಕದಲ್ಲಿ ಜನರು ಕರೆಯುವ ಹೆಸರನ್ನು ಬರೆಯಲಿ. ಇಂತಹ ನಂಬರು ಎಂದರೆ ಯಾರಿಗೂ ತಿಳಿಯದು. ಕುಂಬಾರರ ಕೆರೆ, ಹುಣಸೆಯ ತೋಪು, ದನದ ಮಾಳ ಎಂದರೆ ಮುದುಕಿಗೂ ತಿಳಿಯುತ್ತದೆ. ಕೆರೆಗೆ ನೀರು ತರುವ ಹಳ್ಳದ ಮೇಲೆ ಹಳದಿ ಬಣ್ಣ ಬಿದ್ದಿದ್ದರೆ ಅದನ್ನು ಮೊದಲು ಕಂಡುಹಿಡಿಯುವವರು ಅಂಥವರೇ. ಆಮೇಲೆ ಆಕ್ಷೇಪವನ್ನು ಅವಧಿಯೊಳಗೆ ಬರೆಹದಲ್ಲಿ ಸಲ್ಲಿಸಿ ಸ್ವೀಕೃತಿಯನ್ನು ಪಡೆಯಬೇಕು. ಬಾಯಿಮಾತಿನ ಕೂಗಿಗೆ ಕಡತದಲ್ಲಿ ಸ್ಥಳವಿಲ್ಲ. ಜಿಲ್ಲಾ ಯೋಜನಾ ಸಮಿತಿಯೆಂಬುದೊಂದು ಸಂವಿಧಾನದಲ್ಲಿಯೇ ಇದೆ. ಅದರ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲಿಗೆ ಕಡಮೆಯಿಲ್ಲದವರು ಪಂಚಾಯಿತಿ ಪುರಸಭೆಗಳಿಂದ ಆರಿಸಿಹೋದವರು. ತಮ್ಮ ಊರಿನ ಸದಸ್ಯನು ಅದರಲ್ಲಿ ಇದ್ದಾನೆಯೇ, ಇದ್ದರೆ ಏನು ಹೇಳಿದನು ಎಂದು ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಬಾಗಲಕೋಟೆಯ ಮಾತು ಇನ್ನೂ ಮುಗಿದಿಲ್ಲ. ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿಯು ೨೦೧೦ರ ಡಿಸೆಂಬರಿನ ತೀರ್ಪಿನಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು ೫೨೪.೨೫೬ ಮೀಟರಿಗೆ ಏರಿಸಬಹುದೆಂದು ಹೇಳಿತು. ಹಿಂದಿನ ಮಟ್ಟಕ್ಕಿಂತ ಇದು ನಾಲ್ಕೂವರೆ ಮೀಟರಿಗೆ ಮೀರಿದ ಎತ್ತರ. ಆ ನೀರು ನಿಂತ ದಿನ ಹಳೆಯ ಊರಿನಲ್ಲಿ ಉಳಿದಿರುವ ಓಣಿಗಳಲ್ಲಿ ಮತ್ತೆ ಕೆಲವು ಏಳಬೇಕಾಗುವುದು. ಮೊದಲನೆಯ ಸಲ ಎದ್ದವರ ಮಕ್ಕಳು ಈಗ ಗೃಹಸ್ಥರಾಗಿದ್ದಾರೆ. ಎಲ್ಲಿ ತಪ್ಪಿತು, ಎಲ್ಲಿ ಸರಿಯಾಯಿತು ಎಂಬುದನ್ನು ಮನೆಯ ಅಳತೆಯಿಂದ ಮಾರುಕಟ್ಟೆಯ ದೂರದವರೆಗೆ ಅವರು ಬಲ್ಲರು. ಇನ್ನೊಂದು ನಕ್ಷೆಯನ್ನು ಬರೆಯುವವರು ಆ ಮನೆಗಳ ಕಟ್ಟೆಯ ಮೇಲೆ ಕುಳಿತು ಕೇಳಿ ಬರೆಯಲು ಇನ್ನೂ ಕಾಲವಿದೆ.